ನನ್ನ ಹೆಸರಿಗೊಂದು ಹಕ್ಕಿ

ಅಪರೂಪದ್ದು ಏನಾದರೂ ಒಂದು ತನ್ನದಾಗಿರಬೇಕು ಎಂಬ ಆಸೆ ಇಲ್ಲದವರನ್ನು ನಾನಿನ್ನೂ ನೋಡಿಲ್ಲ. ಕೆಲವರ ಬಳಿ ಅಪರೂಪದ ಸೀರೆ ಇರುತ್ತದೆ, ಕೆಲವರಿಗೆ ಅಪರೂಪದ ನೆಂಟರಿರುತ್ತಾರೆ. ನನ್ನ ನಾದಿನಿಗೆ ಎರಡೂ ಇಲ್ಲ, ಹಾಗಾಗಿ ಅವಳು ಒಂದು ಅಪರೂಪದ ಕಾಯಿಲೆಯನ್ನು ಇಟ್ಟುಕೊಂಡಿದ್ದಾಳೆ. ಯಾರೋ ದೊಡ್ಡ ಡಾಕ್ಟರು ಅವಳ ಹೊಟ್ಟೆಯ ಸ್ಕ್ಯಾನಿಂಗ್ ನೋಡಿ "ನನ್ನ ಸರ್ವಿಸಿನಲ್ಲೇ ಇಂಥದ್ದು ಕಂಡಿಲ್ಲ" ಅಂದರಂತೆ. ಆ ಮಾತನ್ನು ಅವಳು ಹೋದ ಮದುವೆಮನೆಗಳಲ್ಲೆಲ್ಲ ಸನ್ಮಾನಪತ್ರದ ಹಾಗೆ ಓದಿ ಹೇಳುತ್ತಾಳೆ. ನನಗೋ, ಐವತ್ತಮೂರು ವರ್ಷವಾದರೂ ಅಪರೂಪದ್ದು ಅಂತ ಏನೂ ಒದಗಿರಲಿಲ್ಲ. ಬಿಪಿ ಇದೆ, ಅದು ಎಲ್ಲರಿಗೂ ಇದೆ. ಗಂಡ ಇದ್ದಾರೆ, ಆದರೆ ಬೆಳಿಗ್ಗೆ ಡಬ್ಬಿ ಹಿಡಿದು ಕೈಗಾ ಅಣುಸ್ಥಾವರದ ಬಸ್ಸು ಹತ್ತಿ ಸೀಟಿಗೆ ತಲೆ ಆನಿಸಿ ನಿದ್ದೆ ಹೋಗುವ ಅಂಥ ಗಂಡಂದಿರು ಅದೇ ಬಸ್ಸಿನಲ್ಲಿ ಇನ್ನೂ ನಲವತ್ತು ಜನ ಸಿಗುತ್ತಾರೆ. ಶೆಟಗೇರಿಯ ಕಡೆಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ, ನಮ್ಮ ತಾಲೂಕಿನಲ್ಲಿ ಕಲ್ಲೆಸೆದರೆ ಅದು ಯಾವುದಾದರೂ ಮಾಸ್ತರರಿಗೋ ಅಕ್ಕೋರಿಗೋ ತಾಗುತ್ತದೆ. ಹೀಗಾಗಿ ನಾನು ಹಕ್ಕಿಯ ಹಿಂದೆ ಬಿದ್ದೆ.

ಕಾರವಾರ, ಅಂಕೋಲಾ ಎರಡೂ ಕಡೆಯವರು ಸೇರಿ ಮಾಡಿಕೊಂಡ ಒಂದು ಹಕ್ಕಿ ನೋಡುವವರ ವಾಟ್ಸ್ಯಾಪ್ ಗ್ರೂಪಿದೆ. ಅದನ್ನು ನಡೆಸುವವರು ಕಾರವಾರದ ಒಬ್ಬ ಹಲ್ಲಿನ ಡಾಕ್ಟರು. ಅವರು ಹಲ್ಲು ಕೀಳುವಾಗಲೂ ಕಿಟಕಿಯ ಹೊರಗೆ ಕಣ್ಣಿಟ್ಟಿರುತ್ತಾರೆ ಎಂದು ಅವರ ರೋಗಿಗಳು ಹೇಳುವುದನ್ನು ಕೇಳಿದ್ದೇನೆ. ಈ ಗ್ರೂಪಿನ ಜೀವಾಳವೆಂದರೆ ಒಂದು ಪಟ್ಟಿ. ನಮ್ಮ ಎರಡು ತಾಲೂಕಿನಲ್ಲಿ ಕಂಡ ಅಪರೂಪದ ಹಕ್ಕಿಗಳ ಪಟ್ಟಿ. ಮೊದಲ ಕಾಲಮ್ಮಿನಲ್ಲಿ ಹಕ್ಕಿಯ ಹೆಸರು, ಎರಡನೆಯದರಲ್ಲಿ ಜಾಗ, ಮೂರನೆಯದರಲ್ಲಿ "ಮೊದಲು ಕಂಡವರು", ಕೊನೆಗೆ ಷರಾ. ಮೂರನೆಯ ಕಾಲಮ್ಮಿನಲ್ಲಿ ಹೆಸರಿದ್ದವರು ಗ್ರೂಪಿನಲ್ಲಿ "ಗುಡ್ ಮಾರ್ನಿಂಗ್" ಅಂದರೂ ಹತ್ತು ಜನ ಕೈ ಮುಗಿಯುತ್ತಾರೆ. ಹೆಸರಿಲ್ಲದ ನನ್ನಂಥವರು ಏನು ಹಾಕಿದರೂ ಎರಡು ನೀಲಿ ಗೆರೆ ಬೀಳುತ್ತದೆ, ಅಷ್ಟೇ. ಆ ಕಾಲಮ್ಮಿನಲ್ಲಿ ನನ್ನ ಹೆಸರು ಒಂದೇ ಒಂದು ಸಲ ಬರಬೇಕು, ಒಂದೇ ಒಂದು ಹಕ್ಕಿ ನನ್ನ ಹೆಸರಿಗೆ ಬೀಳಬೇಕು. ಇದು ಮೂರು ವರ್ಷದಿಂದ ನನ್ನ ಎದೆಯೊಳಗಿದ್ದ ಆಸೆ. ದೇವರ ಎದುರು ಕೂತಾಗಲೂ ಮಗಳ ಆರೋಗ್ಯದ ನಂತರ ಇದನ್ನೇ ಕೇಳಿಕೊಳ್ಳುತ್ತಿದ್ದೆ. ಕೆಲವು ದಿನ ಮೊದಲೂ ಕೇಳಿದ್ದಿದೆ.

ಪ್ರಯತ್ನ ಪಟ್ಟಿಲ್ಲವೆಂದಲ್ಲ. ಒಮ್ಮೆ ನಮ್ಮ ಹಿತ್ತಲ ತೆಂಗಿನ ಮರದಲ್ಲಿ ದೊಡ್ಡ ಗೂಬೆ ಕೂತಿದೆ ಎಂದು ಫೋಟೋ ಹಾಕಿದೆ. ಅದು ಒಣಗಿದ ತೆಂಗಿನಕಾಯಿ ಎಂದು ಡಾಕ್ಟರು ಬರೆದರು. ನಾನು ಒಪ್ಪಲಿಲ್ಲ, ಕಣ್ಣು ಕಾಣುತ್ತಿದೆ ಎಂದು ವಾದಿಸಿದೆ. ನಾಲ್ಕನೆಯ ದಿನ ಗೂಬೆ ನಮ್ಮ ಬಚ್ಚಲುಮನೆಯ ಹಂಚಿನ ಮೇಲೆ ಬಿದ್ದು ಎರಡು ಹಂಚು ಒಡೆಯಿತು. ಇನ್ನೊಮ್ಮೆ ಗ್ರೂಪಿನವರೆಲ್ಲ ರಾಮನಗುಳಿಯ ಕಾಡಿಗೆ ಹೋದೆವು. ನಡುದಾರಿಯಲ್ಲಿ ಹನ್ನೊಂದು ಜನರ ತಲೆಯ ಮೇಲಿಂದ ಒಂದು ಮಂಗಟ್ಟೆ ಹಕ್ಕಿ ಭರ್ರೋ ಎಂದು ರೆಕ್ಕೆ ಬಡಿಯುತ್ತ ಹಾದುಹೋಯಿತಂತೆ. ಹತ್ತು ಜನ ನೋಡಿದರು. ಹನ್ನೊಂದನೆಯವಳಾದ ನಾನು ಆಗ ಬಗ್ಗಿ, ಕಾಲಿಗೆ ಹತ್ತಿದ ಉಂಬಳ ಕೀಳುತ್ತಿದ್ದೆ. ಆ ಸದ್ದನ್ನು ಕೇಳಿದ್ದೇನೆ ಎಂದು ಹೇಳಿದರೆ ಡಾಕ್ಟರು, "ಟೀಚರ್, ಇದು ಹಕ್ಕಿ ನೋಡುವವರ ಗ್ರೂಪು" ಅಂದರು. ನಮ್ಮವರಿಗಂತೂ ನನ್ನ ಈ ವ್ಯವಹಾರ ಒಳ್ಳೆಯ ಮನರಂಜನೆ. ಅವರು ಬಸ್ಸಿನ ಕಿಟಕಿಯಿಂದ ದಿನಾ ಮಂಗಟ್ಟೆ ನೋಡುತ್ತಾರೆ. "ಇವತ್ತು ಎರಡಿತ್ತು ಮಾರಾಯ್ತಿ, ನಿದ್ದೆಗಣ್ಣಲ್ಲಿ ಸರಿಯಾಗಿ ನೋಡ್ಲಿಲ್ಲ" ಎಂದು ಚಹಾ ಕುಡಿಯುತ್ತ ಹೇಳುವವರ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟ ಎಂಬುದು ನನಗೇ ಗೊತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಕೇಣಿಯ ಕಡಲತೀರದಲ್ಲಿ ವಾಕಿಂಗ್ ಹೋಗಿದ್ದೆ. ದೂರದಲ್ಲಿ, ಮೀನು ಒಣಗಿಸುವ ಮರಳಿನ ಬಯಲಿನಾಚೆ, ನೀರಂಚಿನಲ್ಲಿ ಬಿಳಿಯ ಬಕಗಳು ಸಾಲಾಗಿ ನಿಂತಿದ್ದವು. ಅವುಗಳ ನಡುವೆ ಒಂದು ಬೇರೆಯೇ ಇತ್ತು. ನಾನು ಕಣ್ಣುಜ್ಜಿಕೊಂಡೆ, ಕನ್ನಡಕ ಒರೆಸಿದೆ, ಬೈನಾಕ್ಯುಲರ್ ಏರಿಸಿದೆ. ಮೈ ಬಿಳಿ, ರೆಕ್ಕೆ ಅಚ್ಚ ನೀಲಿ, ತಲೆ ಮತ್ತು ಕೊಕ್ಕು ಹಳದಿ! ಮೊಬೈಲಿನಲ್ಲಿ ಹದಿನೇಳು ಫೋಟೋ ತೆಗೆದೆ. ಹದಿನಾರರಲ್ಲಿ ನನ್ನ ಹೆಬ್ಬೆರಳು ಬಂದಿತ್ತು. ಉಳಿದ ಒಂದರಲ್ಲಿ ಹಕ್ಕಿ ಅನ್ನಬಹುದಾದ ಒಂದು ಬಣ್ಣದ ಚುಕ್ಕೆ ಇತ್ತು. ಅಲ್ಲೇ ಮರಳಿನಲ್ಲಿ ಕೂತು ಗ್ರೂಪಿಗೆ ಹಾಕಿದೆ. ಡಾಕ್ಟರು ಒಂದೇ ನಿಮಿಷದಲ್ಲಿ, "ಟೀಚರ್, ಈ ಸಲ ತೆಂಗಿನಕಾಯಿಗೆ ಬಣ್ಣ ಬಳಿದಿರಾ?" ಎಂದು ಬರೆದರು. ಎಲ್ಲರೂ ನಕ್ಕರು, ಅಂದರೆ ನಗುವ ಮುಖಗಳನ್ನು ಕಳಿಸಿದರು. ನನಗೆ ಅಳುವೇ ಬಂತು. "ಭಾನುವಾರ ನೀವೇ ಬಂದು ನೋಡಿ" ಎಂದು ಬರೆದು ಫೋನು ಮುಚ್ಚಿಟ್ಟೆ.

ಭಾನುವಾರ ಡಾಕ್ಟರು ಕಾರಿನಲ್ಲಿ ಬಂದರು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದೊಡ್ಡ ದುರ್ಬೀನು ನಿಲ್ಲಿಸಿ, ಇನ್ನೂರು ಹೆಜ್ಜೆ ದೂರದಿಂದ ಕಣ್ಣಿಟ್ಟರು. ಕಣ್ಣು ತೆಗೆಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಅವರ ಬಾಯಿಂದ, ಮನೆಮಾತಿನಲ್ಲಿ, "ಅರೆ ದೇವಾ, ಹೆಂ ಕಿತೆಂ!" ಎಂಬ ಉದ್ಗಾರ ಬಂತು. ಇದೇನಿದು ಎಂದು ಆ ಮನುಷ್ಯ ಕೊಂಕಣಿಯಲ್ಲಿ ಕೇಳಿದ್ದು ನನಗೆ ವೇದಮಂತ್ರದಷ್ಟು ಹಿತವಾಗಿತ್ತು. ಆಮೇಲೆ ಕಾರಿನ ಬಾನೆಟ್ಟಿನ ಮೇಲೆ ನಾಲ್ಕು ಪುಸ್ತಕ ಹರಡಿದರು. "ಬಕದ ಜಾತಿಯದೇ, ಅದರಲ್ಲಿ ಸಂಶಯ ಇಲ್ಲ. ಆದರೆ ಈ ಬಣ್ಣದ ಬಕ ಪುಸ್ತಕದಲ್ಲೇ ಇಲ್ಲ ಟೀಚರ್. ಪುಸ್ತಕದಲ್ಲಿ ಇಲ್ಲ ಅಂದ್ರೆ ಏನರ್ಥ ಗೊತ್ತಾ?" ಎಂದು ಕೇಳಿ, ಆ ಅರ್ಥ ದೊಡ್ಡದಾದ್ದರಿಂದ ಹೇಳದೆ ಬಿಟ್ಟರು. ಹೋಗುವಾಗ ನನ್ನನ್ನು ಮೊದಲ ಸಲ "ಮೇಡಂ" ಅಂದರು.

ಅಲ್ಲಿಂದ ಹದಿನೈದು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಗ್ರೂಪಿನಲ್ಲಿ ನಾನು ಗುಡ್ ಮಾರ್ನಿಂಗ್ ಅಂದರೆ ಕೈಗಳ ಸಾಲು. ನಡುವೆ ಒಂದು ಅಕಾಲದ ಮಳೆ ಸುರಿಯಿತು. ಮರುದಿನ ನೋಡಿದರೆ ಹಕ್ಕಿಯ ನೀಲಿ ಪೇಲವವಾಗಿತ್ತು. ಡಾಕ್ಟರು ಅದಕ್ಕೂ ಕಾರಣ ಕೊಟ್ಟರು, ಗರಿ ಉದುರುವ ಕಾಲವಂತೆ. ಎರಡು ದಿನ ಬಿಟ್ಟು ನೋಡಿದರೆ ಮೊದಲಿಗಿಂತ ಹೊಳಪಾದ ನೀಲಿ! ಅದು ಮರಿ ಮಾಡುವ ಕಾಲದ ಬಣ್ಣವಂತೆ. ಒಂದು ಹಕ್ಕಿ ಎರಡು ದಿನದಲ್ಲಿ ಗರಿ ಉದುರಿಸಿ ಮದುವೆಯ ಬಟ್ಟೆ ತೊಟ್ಟಿದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ. ಅಪರೂಪದ ಹಕ್ಕಿಯಲ್ಲವೇ, ಅದರ ನಡತೆಯೂ ಅಪರೂಪ ಎಂದು ನಾನೇ ಸಮರ್ಥಿಸಿ ಉದ್ದಕ್ಕೆ ಬರೆದೆ. ಹಕ್ಕಿಗೆ ತೊಂದರೆಯಾಗಬಾರದೆಂದು ಡಾಕ್ಟರು ಇನ್ನೂರು ಹೆಜ್ಜೆ ಒಳಗೆ ಯಾರೂ ಹೋಗಬಾರದು ಎಂಬ ನಿಯಮ ಮಾಡಿ, ನಾಲ್ಕು ಗೂಟ ಹುಗಿದು ಮರಳಿನಲ್ಲಿ ಹಗ್ಗ ಕಟ್ಟಿಸಿದರು. ಮೈಸೂರಿನಿಂದ ಒಬ್ಬ ಪ್ರೊಫೆಸರು, ಬಕಗಳ ಬಗ್ಗೆಯೇ ಮೂವತ್ತು ವರ್ಷ ತಲೆ ಕೆಡಿಸಿಕೊಂಡವರು, ಬರುವ ಭಾನುವಾರ ಖುದ್ದು ನೋಡಲು ಬರುತ್ತಾರೆ ಎಂಬ ಸುದ್ದಿಯೂ ಬಂತು. ಅವರು ಹೂಂ ಅಂದರೆ ಪಟ್ಟಿಯ ಮೂರನೆಯ ಕಾಲಮ್ಮು ನನ್ನದು. ನಾನು ಅದಕ್ಕೆಂದು ಒಂದು ಕಾಟನ್ ಸೀರೆಗೆ ಗಂಜಿ ಹಾಕಿ ಇಟ್ಟೆ.

ಶುಕ್ರವಾರ ಶಾಲೆಗೆ ರಜೆ ಇತ್ತು. ಬೆಳಿಗ್ಗೆ ಮೀನಿನ ಗುಲಾಬಕ್ಕ ಬಂದಳು. ವಾರಕ್ಕೆರಡು ಸಲ ಬುಟ್ಟಿ ಹೊತ್ತು ನಮ್ಮ ಕೇರಿಗೆ ಬರುವ ಅವಳು ಕೇಣಿಯವಳು. ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಯಾವ ಮೀನು ಬೇಕೆಂದು ತೀರ್ಮಾನಿಸುವವಳು ಅವಳೇ, ನಾವಲ್ಲ. ಅವತ್ತು ಅವಳು ಬುಟ್ಟಿಯನ್ನು ಮೆಟ್ಟಿಲ ಮೇಲೆ ಧೊಪ್ಪನೆ ಇಳಿಸಿದ ರೀತಿಯಲ್ಲೇ ಕೋಪವಿತ್ತು.

"ಅಕ್ಕೋರೇ, ನಿಮ್ಮ ಕಾರವಾರದ ಡಾಕ್ಟ್ರಿಗೆ ಎಂತಾ ಹುಚ್ಚು ಹಿಡದದೆ? ನಾ ಮೀನ ಒಣಗ್ಸು ಜಾಗಕ್ಕೇ ಹಗ್ಗ ಕಟ್ಟೀರು. ಆಚೆ ಹೋಗು, ಹಕ್ಕಿ ಹೆದರ್ತದೆ ಅಂತ್ರು. ಅಲ್ರಾ, ನನ್ನ ಹಕ್ಕಿ ನನ್ನ ಕಂಡ್ರೆ ಎಂತಕೆ ಹೆದರೂದು?"

"ನಿನ್ನ ಹಕ್ಕಿ?" ಎಂದೆ.

"ನಂದೇ ಅಲ್ದೆ? ಪಾಂಡು ಹೇಳಿ ಹೆಸ್ರು. ಮಳೆಗಾಲ ಮುಗೂ ಹೊತ್ತಿಗೆ ಕಾಲಿಗೆ ನೈಲಾನ್ ದಾರ ಸುತ್ಕಂಡು ಬಿದ್ಕಂಡಿತ್ತು. ನಾ ದಾರ ಕತ್ತರ್ಸಿ ಬಿಟ್ಟೆ. ಅದು ಹೋಗೂಕೇ ಇಲ್ಲ. ದಿನಾ ನನ್ನ ಬುಟ್ಟಿ ಹತ್ರ ಬತ್ತದೆ, ನಾಕು ಸಣ್ಣ ಮೀನ ಹಾಕ್ತೆ. ಆದ್ರೆ ಊರ ಬಕ ಎಲ್ಲಾ ಬತ್ತವೆ, ಎಲ್ಲಾ ಬೆಳ್ಳಗೇ ಅವೆ. ಮೀನ ಕದೀತವೆ ಹೇಳಿ ಆಚೀಚೆ ಹೆಂಗಸ್ರು ಕಲ್ಲು ಹೊಡೀತ್ರು. ನಂದು ಯಾವ್ದು ಹೇಳಿ ಅವ್ರಿಗೆ ಗೊತ್ತಾಗೂದು ಹ್ಯಾಂಗೆ? ಅದಕೆ ನಮ್ಮ ದೋಣಿ ಬಣ್ಣ ಹಚ್ದೆ."

ನಮ್ಮ ತೀರದ ಈ ಪದ್ಧತಿ ನನಗೆ ಗೊತ್ತಿರಲಿಲ್ಲವೆಂದಲ್ಲ. ಪ್ರತಿ ದೋಣಿಮನೆಗೂ ಒಂದು ಬಣ್ಣದ ಗುರುತು. ದೋಣಿಗೆ ಬಳಿದ ಬಣ್ಣವೇ ಹುಟ್ಟಿಗೆ, ಬಲೆಯ ತೇಲುಗುಂಡಿಗೆ, ಮೀನಿನ ಪೆಟ್ಟಿಗೆಗೆ. ನೂರು ಮನೆಯ ಸಾಮಾನು ಮರಳಿನಲ್ಲಿ ಬಿದ್ದಿದ್ದರೂ ಯಾರದು ಯಾವುದೆಂದು ಜಗಳವಿಲ್ಲ. ಗುಲಾಬಕ್ಕನ ಮನೆಯ ದೋಣಿ ನೀಲಿ, ಮೇಲೆ ಹಳದಿ ಪಟ್ಟಿ. ವಾಕಿಂಗಿಗೆ ಹೋದಾಗಲೆಲ್ಲ ಆ ದೋಣಿಗೆ ಒರಗಿಯೇ ನಾನು ಆ ಹಕ್ಕಿಯನ್ನು ನೋಡಿದ್ದು.

"ದೋಣಿ ಪೇಂಟ್ ಹಚ್ಚಿದೆಯಾ ಅದಕ್ಕೆ?"

"ಛೇ, ಪೇಂಟ್ ಹಚ್ಚಿದ್ರೆ ಸತ್ತೇ ಹೋತದೆ! ರೆಕ್ಕೆಗೆ ಬಟ್ಟೆ ನೀಲಿ, ತಲೆಗೆ ಅರಿಶಿನ. ಮಳೆ ಬಂದ್ರೆ ಹೋತದೆ, ಮತ್ತೆ ಹಚ್ತೆ."

ಮರಿ ಮಾಡುವ ಕಾಲದ ಬಣ್ಣ! ನಾನು ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದು ಬಂದೆ. ಗುಲಾಬಕ್ಕ ಈಗ ದನಿ ಇಳಿಸಿದ್ದಳು. "ಅಕ್ಕೋರೇ, ಮೈಸೂರಿಂದ ಯಾರೋ ದೊಡ್ಡೋರು ಬತ್ರಂತೆ. ಹಕ್ಕಿಗೆ ಬಣ್ಣ ಹಚ್ಚಿದ್ದಕ್ಕೆ ನನ್ ಮೇಲೆ ಕೇಸ್ ಗೀಸ್ ಹಾಕ್ತ್ರಾ?" ಎಂದು ಕೇಳುವಾಗ ಅವಳ ಮುಖದಲ್ಲಿ ನಿಜವಾದ ಹೆದರಿಕೆ ಇತ್ತು. ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಒಳ್ಳೆಯ ಹೆಂಗಸಾಗಿದ್ದರೆ ನಾನು ಕೂಡಲೇ ಡಾಕ್ಟರಿಗೆ ಫೋನು ಮಾಡಿ ಸತ್ಯ ಹೇಳಿ, ಹಗ್ಗ ಬಿಚ್ಚಿಸುತ್ತಿದ್ದೆ. ನನಗೆ ಹೊಳೆದದ್ದೇ ಬೇರೆ. ಪಾಂಡುವನ್ನು ತೊಳೆದುಬಿಟ್ಟರೆ ಹೇಗೆ? ಗುಲಾಬಕ್ಕನಿಗೆ ಕೇಸಿಲ್ಲ. ಪ್ರೊಫೆಸರು ಬಂದಾಗ "ಹಾರಿಹೋಯಿತು ಸರ್" ಎಂದರಾಯಿತು. ಅಪರೂಪದ ಹಕ್ಕಿಗಳು ಹಾರಿಹೋಗುವುದೇ ಕೆಲಸ, ದಿನಾ ಇದ್ದರೆ ಅದು ಕಾಗೆ. ಡಾಕ್ಟರು ಕಣ್ಣಾರೆ ಕಂಡ ಸಾಕ್ಷಿ ಇದೆ, ಹೆಬ್ಬೆರಳಿಲ್ಲದ ಒಂದು ಫೋಟೋ ಇದೆ. ನನ್ನ ಕಾಲಮ್ಮಿಗೆ ಧಕ್ಕೆಯಿಲ್ಲ. "ಹೆದರಬೇಡ ಗುಲಾಬಕ್ಕ, ನಿನಗೋಸ್ಕರ ನಾನೊಂದು ದಾರಿ ಮಾಡುತ್ತೇನೆ" ಎಂದೆ. ಅವಳು ನನ್ನ ಕೈ ಹಿಡಿದು ನಾಲ್ಕು ಬಂಗಡೆ ಹೆಚ್ಚಿಗೆ ಹಾಕಿ ಹೋದಳು. ಅವು ಅವತ್ತು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಇಳಿದವು.

ಶನಿವಾರ ಬೆಳಿಗ್ಗೆ ನಾನೂ ನಮ್ಮವರೂ ರಜೆ ಹಾಕಿ ಗುಲಾಬಕ್ಕನ ಮನೆಯ ಬಾವಿಕಟ್ಟೆಗೆ ಹೋದೆವು. ನಮ್ಮವರನ್ನು ಕರೆದೊಯ್ದದ್ದು ಕೊಕ್ಕು ಹಿಡಿಯಲಿಕ್ಕೆ. "ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು, ಒಂದು ದಿನ ಇಂಥದ್ದು ಮಾಡ್ಬೇಕಾಗ್ತದೆ ಅಂತ ಅನ್ಕೊಂಡಿರ್ಲಿಲ್ಲ" ಎನ್ನುತ್ತ ಅವರು ಟವೆಲ್ಲಿನಲ್ಲಿ ಕೊಕ್ಕು ಸುತ್ತಿ ಹಿಡಿದರು. ಗುಲಾಬಕ್ಕ ಮೈ ಹಿಡಿದಳು. ನಾನು ಬಟ್ಟೆ ತೊಳೆಯುವ ಸೋಪು ಹಿಡಿದೆ. ರೆಕ್ಕೆಯ ನೀಲಿ ಮೂರು ತಂಬಿಗೆ ನೀರಿಗೆ ಹೋಯಿತು. ಬಲಗಡೆ ಕಂಕುಳಲ್ಲಿ ಒಂದು ಚೂರು ಉಳಿಯಿತು, ಇರಲಿ ಎಂದು ಬಿಟ್ಟೆ. ಆಮೇಲೆ ಉತ್ಸಾಹದಲ್ಲಿ ಅದೇ ಸೋಪನ್ನು ತಲೆಗೆ ತಿಕ್ಕಿದೆ. ಅರಿಶಿನದ ಕೈಗೆ ಸೋಪು ತಾಗಿದರೆ ಏನಾಗುತ್ತದೆ ಎಂದು ನಮ್ಮ ಕಡೆಯ ಯಾವ ಹೆಂಗಸಿಗೆ ಗೊತ್ತಿಲ್ಲ? ಐವತ್ತಮೂರು ವರ್ಷ ಅರಿಶಿನ ಮುಟ್ಟಿದ ಕೈ ನನ್ನದು. ಆ ಹೊತ್ತಿನಲ್ಲಿ ಮರೆತೇಹೋಯಿತು. ನೋಡನೋಡುತ್ತ ಪಾಂಡುವಿನ ತಲೆ ಕೆಂಪಗಾಯಿತು, ಕುಂಕುಮದ ಕೆಂಪು. ಹಕ್ಕಿ ನನ್ನನ್ನೇ ನೋಡುತ್ತಿತ್ತು.

"ಹೊಸದೊಂದು ಸಿಕ್ತು ನೋಡು. ಗ್ರೂಪಿಗೆ ಹಾಕು" ಎಂದರು ನಮ್ಮವರು.

ಗುಲಾಬಕ್ಕ ಲಿಂಬೆಹಣ್ಣು ತಂದು ಹಿಂಡಿದಳು, ಕೆಂಪು ಮತ್ತೆ ಹಳದಿಯಾಯಿತು. ತೆಂಗಿನೆಣ್ಣೆ ಹಚ್ಚಿ, ಕಡಲೆಹಿಟ್ಟಿನಲ್ಲಿ ತಿಕ್ಕಿ, ಉಗುರುಬೆಚ್ಚಗಿನ ನೀರು ಹೊಯ್ದೆವು. ನನ್ನ ಮಗಳ ಬಾಣಂತನದಲ್ಲಿ ಮೊಮ್ಮಗುವಿಗೂ ನಾನು ಇಷ್ಟು ಉಪಚಾರ ಮಾಡಿರಲಿಲ್ಲ. ನಡುವೆ ನಮ್ಮವರು ಒಂದು ಗಳಿಗೆ ಟವೆಲ್ ಸಡಿಲ ಬಿಟ್ಟದ್ದೇ ತಡ, ಪಾಂಡು ಬೆಳಗಿನ ಉಪಾಹಾರವನ್ನೆಲ್ಲ ಅವರ ಅಂಗಿಯ ಮೇಲೆ ಇಳಿಸಿತು. ಆಮೇಲೆ ದೊಡ್ಡ ಬುಟ್ಟಿಯ ಕೆಳಗೆ ಬಿಸಿಲಿಗೆ ಇಟ್ಟೆವು. ಸಂಜೆಯ ಹೊತ್ತಿಗೆ ಅರಿಶಿನ ಬಿಸಿಲಿಗೆ ಹಾರಿ, ಕೇಣಿಯ ನೂರಾರು ಬಿಳಿ ಬಕಗಳಲ್ಲಿ ಒಂದಾಗಿ, ಪಾಂಡು ಮೈ ಕೊಡವಿಕೊಂಡು ನೀರಂಚಿಗೆ ನಡೆಯಿತು. ಗುಲಾಬಕ್ಕ ಆಚೀಚೆಯ ಹೆಂಗಸರಿಗೆಲ್ಲ, "ನಾಳೆ ಒಂದಿನ ಯಾವ ಬಕಕ್ಕೂ ಕಲ್ಲು ಹೊಡೀಬೇಡ್ರೇ" ಎಂದು ಕೂಗಿ ಹೇಳಿದಳು.

ಭಾನುವಾರ ಗಂಜಿ ಹಾಕಿದ ಸೀರೆಯುಟ್ಟು ನಮ್ಮವರ ಜೊತೆ ಹೋದೆ. ಪ್ರೊಫೆಸರು ಸಣ್ಣ ಮೈಯ, ಮೆಲುದನಿಯ ಮನುಷ್ಯ. ಡಾಕ್ಟರು ಅವರ ಹಿಂದೆ ಕೊಡೆ ಹಿಡಿದು ಬಂದರು. ನಾನು ಮುಖ ಸಪ್ಪಗೆ ಮಾಡಿ, "ಹಾರಿಹೋಯಿತು ಸರ್. ನಿನ್ನೆ ಬೆಳಿಗ್ಗೆ ನಾನೇ ಕೊನೆಯದಾಗಿ ನೋಡಿದ್ದು" ಎಂದೆ. ಇದರಲ್ಲಿ ಎರಡನೆಯ ವಾಕ್ಯ ಸತ್ಯ. ಪ್ರೊಫೆಸರು ಬೇಸರಿಸಲಿಲ್ಲ. "ಇರಲಿ, ಬಂದದ್ದಾಯಿತಲ್ಲ, ಇದ್ದದ್ದನ್ನು ನೋಡೋಣ" ಎಂದು ಬಿಳಿ ಬಕಗಳ ಸಾಲಿನ ಮೇಲೆ ದುರ್ಬೀನು ಹಾಯಿಸುತ್ತ ಹೋದರು. ಒಂದರ ಮೇಲೆ ಅದು ನಿಂತಿತು.

"ಆ ತುದಿಯದು ಯಾವುದು ಮೇಡಂ?"

ತುದಿಯದು ಪಾಂಡು. "ಅದು ಮಾಮೂಲಿ ಬೆಳ್ಳಕ್ಕಿ ಸರ್, ನೋಡುವಂಥದ್ದೇನಿಲ್ಲ. ಇಲ್ಲಿ ಬೇಕಾದಷ್ಟಿವೆ. ನಾನು ತೀರ ಹತ್ತಿರದಿಂದ, ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿದ್ದೇನೆ" ಎಂದೆ. ಡಾಕ್ಟರೂ ಹೌದೆಂದು ತಲೆಯಾಡಿಸಿದರು.

ಪ್ರೊಫೆಸರು ಕಣ್ಣು ತೆಗೆಯದೆ ಮೆಲ್ಲನೆ ಹೇಳಿದರು. "ಬೆಳ್ಳಕ್ಕಿಯ ಕೊಕ್ಕು ಕಪ್ಪಗೆ, ಸೂಜಿಯ ಹಾಗೆ ನೇರ ಇರುತ್ತದೆ. ಇದರದ್ದು ದಪ್ಪ, ಕಂದು ಹಳದಿ, ತುದಿಗೆ ಸ್ವಲ್ಪ ಬಾಗಿದೆ. ಇದು ಬಂಡೆಯ ಮೇಲೆ ನಿಂತು ಮೀನು ಹಿಡಿಯುವ ಕಡಲ ಬಕ. ಬೂದು ಬಣ್ಣದವು ನಿಮ್ಮಲ್ಲಿ ಇರಬಹುದು. ಆದರೆ ಪೂರ್ತಿ ಬಿಳಿಯದು, ಈ ತೀರದಲ್ಲಿ... ನಾನು ಮೂವತ್ತು ವರ್ಷದಿಂದ ಹುಡುಕುತ್ತಿದ್ದೇನೆ ಮೇಡಂ."

ನಮ್ಮವರು ನನ್ನ ಕಿವಿಯ ಹತ್ತಿರ ಬಗ್ಗಿ, "ನಿನ್ನೆ ಒಂದು ತಾಸು ಆ ಕೊಕ್ಕನ್ನೇ ಹಿಡ್ದಿದ್ದೆ. ನಂಗೂ ಸ್ವಲ್ಪ ಡೊಂಕು ಅನ್ನಿಸ್ತು. ಹಕ್ಕಿ ವಿಷಯ ನಂಗೇನು ಗೊತ್ತು ಅಂತ ಸುಮ್ನಿದ್ದೆ" ಎಂದರು. ಅಷ್ಟರಲ್ಲಿ ಪಾಂಡು ರೆಕ್ಕೆ ಎತ್ತಿ ಮೈ ಕೆದರಿಕೊಂಡಿತು. "ಕಂಕುಳಲ್ಲಿ ಅದೇನು ನೀಲಿ?" ಎಂದು ಪ್ರೊಫೆಸರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಗ್ಗದಾಚೆ ನಿಂತಿದ್ದ ಗುಲಾಬಕ್ಕ, ಇಷ್ಟು ಮೆತ್ತಗೆ ಮಾತಾಡುವವರು ಕೇಸು ಹಾಕಲಾರರು ಎಂದು ಕಂಡುಕೊಂಡವಳಂತೆ, "ಅದು ನಾ ಹಚ್ಚಿದ್ದು ಸಾಹೇಬ್ರೇ. ಅಕ್ಕೋರು ಸಮಾ ತೊಳೂಕೆ ಇಲ್ಲ" ಎಂದು ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿಬಿಟ್ಟಳು. ನೈಲಾನ್ ದಾರ, ದೋಣಿಯ ಬಣ್ಣ, ಸೋಪು, ಕೆಂಪು, ಲಿಂಬೆಹಣ್ಣು, ಅಂಗಿ, ಏನನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಡಾಕ್ಟರ ಬಾಯಿ ಅವರ ರೋಗಿಗಳ ಬಾಯಷ್ಟು ತೆರೆದುಕೊಂಡಿತು. ಪ್ರೊಫೆಸರು ಮಾತ್ರ ನಗಲಿಲ್ಲ. "ಗುರುತಿಗೆ ಬಣ್ಣ ಹಾಕುವುದನ್ನು ನಾವೂ ಮಾಡುತ್ತೇವಮ್ಮ, ಕಾಲಿಗೆ ಬಣ್ಣದ ಸಣ್ಣ ಬಳೆ ತೊಡಿಸಿ. ಇನ್ನು ಅರಿಶಿನ ಹಚ್ಚಬೇಡಿ. ಒಪ್ಪಿಗೆ ಪಡೆದು ನಾನೇ ಇದಕ್ಕೊಂದು ಬಳೆ ತರಿಸುತ್ತೇನೆ" ಎಂದರು. "ತಂದ್ರೆ ನೀಲಿ ಹಳದೀದೇ ತನ್ನಿ" ಎಂದಳು ಗುಲಾಬಕ್ಕ.

ಇದನ್ನು ಮೊದಲು ಕಂಡವರು ಯಾರು ಎಂದು ಪ್ರೊಫೆಸರು ಕೊನೆಗೆ ಕೇಳಿದರು. ಮೂರು ವರ್ಷದಿಂದ ಕಾದಿದ್ದ ಪ್ರಶ್ನೆ. ಎಲ್ಲರೂ ನನ್ನ ಕಡೆ ನೋಡಿದರು. ಐದು ನಿಮಿಷದ ಹಿಂದೆ, ಸಾಕ್ಷಿಗಳ ಎದುರು, ನೋಡುವಂಥದ್ದೇನಿಲ್ಲ ಎಂದು ಹೇಳಿದ ಬಾಯಿ ನನ್ನದು. "ಗುಲಾಬಕ್ಕ" ಎಂದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಗುಲಾಬಕ್ಕನಿಗೆ ಅದರ ಪರಿವೆಯೇ ಇರಲಿಲ್ಲ. "ಪಟ್ಟಿ ತಕಂಡು ನಾ ಎಂತಾ ಮಾಡ್ಲಿ? ಮೊದ್ಲು ಆ ಹಗ್ಗ ಬಿಚ್ಚೂಕೆ ಹೇಳಿ, ಮೀನ ಹಾಳಾತದೆ" ಎಂದಳು. ಹಗ್ಗ ಬಿಚ್ಚಿದ್ದು ಡಾಕ್ಟರೇ.

ಸಂಜೆ ಗ್ರೂಪಿಗೆ ಹೊಸ ಪಟ್ಟಿ ಬಂತು. ಹಕ್ಕಿ: ಕಡಲ ಬಕ, ಬಿಳಿಯದು. ಜಾಗ: ಕೇಣಿ. ಮೊದಲು ಕಂಡವರು: ಗುಲಾಬಿ. ಕೊನೆಯ ಷರಾ ಕಾಲಮ್ಮಿನಲ್ಲಿ ಡಾಕ್ಟರು, ಹಲ್ಲಿನವರಿಗೆ ಸಹಜವಾದ ನಿರ್ದಯೆಯಿಂದ, "ತೊಳೆದವರು" ಎಂದು ಬರೆದು ಅದರ ಮುಂದೆ ನನ್ನ ಪೂರ್ಣ ಹೆಸರು, ಊರು ಎರಡನ್ನೂ ಹಾಕಿದ್ದರು. ಅದನ್ನು ಓದಿ ಅತ್ತುಬಿಟ್ಟೆ ಅಂತಲೇ ಹೇಳಬೇಕು. ಆದರೆ ಎರಡನೆಯ ಸಲ ಓದುವಾಗ ಒಂದು ವಿಷಯ ಹೊಳೆಯಿತು. ಷರಾ ಕಾಲಮ್ಮೂ ಪಟ್ಟಿಯೊಳಗೇ ಇದೆ. ಕೂಡಲೇ ಮೊಬೈಲಿನಲ್ಲಿ ಅದರ ಚಿತ್ರ ತೆಗೆದು, ಕಡಲ ಬಕದ ಹೆಸರೂ ನನ್ನ ಹೆಸರೂ ಮಾತ್ರ ಕಾಣುವ ಹಾಗೆ ನಡುವಿನದನ್ನೆಲ್ಲ ಕತ್ತರಿಸಿ, ಶಾಲೆಯ ಗ್ರೂಪಿಗೂ ನೆಂಟರ ಗ್ರೂಪಿಗೂ ಕಳಿಸಿದೆ. ಈ ಹೊತ್ತಿಗೆ ಅರವತ್ತೆರಡು ಜನ ಅಭಿನಂದಿಸಿದ್ದಾರೆ. "ತೊಳೆದವರು" ಎಂಬ ಮಾತನ್ನು ನನ್ನ ಹೆಸರಿಗೆ ಗಾಯವಾಗದಂತೆ ಕತ್ತರಿಸಿ ತೆಗೆಯುವುದಕ್ಕೆ ಮಾತ್ರ, ಪಾಂಡುವನ್ನು ತೊಳೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.